ನಡುಸಾಲಿನ ವಾದಕ

ಹೂಮಾಲೆಯನ್ನು ಕಂಡವರು ಹೂವಿನ ಬಣ್ಣವನ್ನು ಮೆಚ್ಚುತ್ತಾರೆ, ಕಂಪನ್ನು ಮೆಚ್ಚುತ್ತಾರೆ. ಅವೆಲ್ಲವನ್ನೂ ಒಂದುಗೂಡಿಸಿ ಹಿಡಿದಿರುವ ನಾರನ್ನು ನೆನೆಯುವವರು ವಿರಳ. ಪಾಶ್ಚಾತ್ಯ ವಾದ್ಯವೃಂದದಲ್ಲಿ ಈ ನಾರಿನ ಕೆಲಸವನ್ನು ಮಾಡುವ ವಾದ್ಯವೊಂದುಂಟು. ಅದೇ ವಿಯೋಲ. ಸಭೆಯಲ್ಲಿ ಕುಳಿತವರಲ್ಲಿ ಬಹುಮಂದಿ ಅದನ್ನು ಪಿಟೀಲೆಂದೇ ತಿಳಿಯುತ್ತಾರೆ. ಮರುದಿನದ ಪತ್ರಿಕೆಯಲ್ಲಿ ವೃಂದನಾಯಕನ ಹೆಸರಿರುತ್ತದೆ, ಗಾಯಕಿಯ ಹೆಸರಿರುತ್ತದೆ. ವಿಯೋಲ ನುಡಿಸಿದವನ ಹೆಸರು ಮಾತ್ರ ಕಾಣುವುದಿಲ್ಲ.

ಅಂಥ ಹೆಸರಿಲ್ಲದ ಸ್ಥಾನದಲ್ಲಿ, ರಂಗಮಂದಿರವೊಂದರ ಮಬ್ಬು ಬೆಳಕಿನಲ್ಲಿ, ಅಲ್ಪ ಸಂಬಳಕ್ಕೆ ಸುಮಾರು ಒಂಬತ್ತು ವರ್ಷ ದುಡಿದ ಯುವಕನೊಬ್ಬನ ಕಥೆಯಿದು. ಅವನ ಹೆಸರು ಅಂತೋನಿನ್ ಡ್ವೊರ್ಝಾಕ್. ಮುಂದೆ ಅವನ ಹೆಸರು ಭೂಖಂಡಗಳನ್ನು ದಾಟಿತು. ಅವನ ಸಿಂಫನಿಗಳನ್ನು ಇಂದಿಗೂ ಲೋಕದ ಎಲ್ಲ ದೊಡ್ಡ ವೃಂದಗಳೂ ನುಡಿಸುತ್ತವೆ. ಆದರೆ ಇಲ್ಲಿ ನಾವು ನೋಡಹೊರಟಿರುವುದು ಆ ಕೀರ್ತಿಯನ್ನಲ್ಲ. ಅದಕ್ಕೂ ಹಿಂದೆ, ವಿಯೋಲವೇ ಅನ್ನದ ದಾರಿಯಾಗಿದ್ದ ದಿನಗಳನ್ನು.

ಪಿಟೀಲಿನ ಹಿರಿಯಕ್ಕ

ಪಿಟೀಲನ್ನು ನಮ್ಮ ವಾಚಕರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ನಮ್ಮ ಕಚೇರಿಗಳಲ್ಲಿ ಅದು ಹಾಡುಗಾರನ ನೆರಳಿನಂತೆ ಹಿಂಬಾಲಿಸಿ ಬರುವ ಪಕ್ಕವಾದ್ಯ. ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಕಟ್ಟಿ ನುಡಿಸಿ ನಾಡಿಗೆ ಹೆಸರು ತಂದರು. ವಿಯೋಲವು ಈ ಪಿಟೀಲಿಗೆ ಹಿರಿಯಕ್ಕನಿದ್ದಂತೆ. ರೂಪ ಅದೇ, ಕಮಾನು ಹೆಚ್ಚುಕಡಿಮೆ ಅದೇ, ಗಲ್ಲದ ಕೆಳಗೆ ಹಿಡಿಯುವ ಕ್ರಮವೂ ಅದೇ. ಆದರೆ ಪಿಟೀಲಿನ ಒಡಲು ಸುಮಾರು ೧೪ ಅಂಗುಲ ಉದ್ದವಾದರೆ, ವಿಯೋಲದ ಒಡಲು ಸಾಮಾನ್ಯವಾಗಿ ೧೫ರಿಂದ ೧೭ ಅಂಗುಲದವರೆಗೆ ಇರುತ್ತದೆ. ಪಾಶ್ಚಾತ್ಯ ಪಿಟೀಲಿನ ಅತ್ಯಂತ ತಾರದ ತಂತಿ ಇದರಲ್ಲಿಲ್ಲ. ಅದರ ಬದಲು ಮಂದ್ರದ ಕಡೆಗೆ ಇನ್ನೊಂದು ತಂತಿಯಿದೆ. ಷಡ್ಜಕ್ಕೂ ಪಂಚಮಕ್ಕೂ ಇರುವಷ್ಟು ಅಂತರ ಇದರ ಶ್ರುತಿ ಪಿಟೀಲಿಗಿಂತ ಕೆಳಗೆ.

ಇಷ್ಟು ಕೆಳಗಿನ ಶ್ರುತಿಗೆ ತಕ್ಕಂತೆ ಒಡಲನ್ನೂ ಲೆಕ್ಕ ಹಾಕಿ ಮಾಡಿದರೆ ವಾದ್ಯವು ಪಿಟೀಲಿನ ಒಂದೂವರೆಯಷ್ಟು ದೊಡ್ಡದಾಗಬೇಕು. ಆದರೆ ಅಂಥದನ್ನು ಗಲ್ಲಕ್ಕೊತ್ತಿ ಹಿಡಿಯಬಲ್ಲ ತೋಳು ಮನುಷ್ಯನಿಗಿಲ್ಲ. ಆದುದರಿಂದ ವಾದ್ಯಶಿಲ್ಪಿಗಳು ಧ್ವನಿಗೂ ತೋಳಿಗೂ ರಾಜಿ ಮಾಡಿಸಿದರು. ಆ ರಾಜಿಯ ಫಲವೇ ವಿಯೋಲದ ವಿಶಿಷ್ಟ ನಾದ. ಅದರಲ್ಲಿ ಪಿಟೀಲಿನ ಹೊಳಪಿಲ್ಲ, ಚೆಲ್ಲೋದ ಗಾಂಭೀರ್ಯವೂ ಪೂರ್ಣವಾಗಿಲ್ಲ. ಮುಸ್ಸಂಜೆಯ ಬೆಳಕಿನಂತೆ ಕೊಂಚ ಮುಸುಕಿದ, ಆದರೆ ಬಹಳ ಆಪ್ತವಾದ ಧ್ವನಿ ಅದು.

ವೃಂದದಲ್ಲಿ ಪಿಟೀಲುಗಳು ರಾಗವನ್ನು ಹಾಡುತ್ತವೆ. ಚೆಲ್ಲೋ ಮತ್ತು ಬಾಸ್ ವಾದ್ಯಗಳು ಅಡಿಪಾಯ ಹಾಕುತ್ತವೆ. ಇವೆರಡರ ನಡುವಣ ತೆರಪನ್ನು ತುಂಬುವುದು ವಿಯೋಲದ ಪಾಲು. ಪಾಶ್ಚಾತ್ಯರ ಸಂಗೀತ ಹಲವು ಸ್ವರಗಳನ್ನು ಒಟ್ಟಿಗೆ ಮೊಳಗಿಸುವ ಸಂಗೀತ. ಮೂರು ಸ್ವರಗಳು ಕೂಡಿ ನಿಂತಾಗ ನಡುವಿನದು ಅಂತರಗಾಂಧಾರವಾದರೆ ಮನಸ್ಸಿಗೆ ಹರ್ಷ, ಸಾಧಾರಣಗಾಂಧಾರವಾದರೆ ವಿಷಾದ. ಹರ್ಷವೋ ವಿಷಾದವೋ ಎಂಬುದನ್ನು ನಿರ್ಣಯಿಸುವ ಈ ನಡುವಿನ ಸ್ವರ ಅನೇಕ ವೇಳೆ ವಿಯೋಲದ ಕೈಯಲ್ಲಿರುತ್ತದೆ. ಕೇಳುವವನಿಗೆ ಅದು ಬೇರೆಯಾಗಿ ಕೇಳಿಸುವುದಿಲ್ಲ. ಅದನ್ನು ತೆಗೆದುಹಾಕಿದರೆ ಮಾತ್ರ ಏನೋ ಬರಿದಾಯಿತೆಂದು ಗೊತ್ತಾಗುತ್ತದೆ.

ಇಷ್ಟಾದರೂ ಈ ವಾದ್ಯಕ್ಕೆ ಬಹುಕಾಲ ಗೌರವವಿರಲಿಲ್ಲ. ಕ್ವಾಂಟ್ಸ್ ಎಂಬ ಜರ್ಮನ್ ವಿದ್ವಾಂಸನು ೧೭೫೨ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಸಂಗೀತಗಾರರು ವಿಯೋಲವನ್ನು ಅಲ್ಪವೆಂದೆಣಿಸುವುದನ್ನು ಎತ್ತಿ ಹೇಳಿದ್ದಾನೆ. ಆದರೆ ದೊಡ್ಡವರ ರುಚಿಯೇ ಬೇರೆ. ಬಾಖ್ ಮಹಾಶಯನಿಗೆ ವೃಂದದಲ್ಲಿ ವಿಯೋಲ ನುಡಿಸುವುದೆಂದರೆ ಪ್ರೀತಿ. ಮೋತ್ಸಾರ್ಟ್ ಗೆಳೆಯರೊಡನೆ ಕೂತಾಗ ಅದನ್ನೇ ಕೈಗೆತ್ತಿಕೊಳ್ಳುತ್ತಿದ್ದನು. ಬೀಥೋವನ್ ಯೌವನದಲ್ಲಿ ಬಾನ್ ನಗರದ ಆಸ್ಥಾನವೃಂದದಲ್ಲಿ ಸಂಬಳದ ವಿಯೋಲ ವಾದಕನಾಗಿದ್ದನು. ಸಂಗೀತದ ಒಳಮನೆಯನ್ನು ನೋಡಬೇಕೆನ್ನುವವನಿಗೆ ನಡುವಿನ ಆಸನಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲವೆಂದು ಇವರೆಲ್ಲ ಅರಿತಿದ್ದರೆಂದು ತೋರುತ್ತದೆ.

ಹಳ್ಳಿಯಿಂದ ಪ್ರಾಗ್ ನಗರಕ್ಕೆ

ಡ್ವೊರ್ಝಾಕ್ ಹುಟ್ಟಿದುದು ೧೮೪೧ನೆಯ ಸೆಪ್ಟೆಂಬರ್ ೮ರಂದು, ಬೊಹೆಮಿಯದ ನೆಲಾಹೊಝೆವೆಸ್ ಎಂಬ ಹಳ್ಳಿಯಲ್ಲಿ. ವ್ಲತಾವಾ ನದಿಯ ದಡದಲ್ಲಿ, ಪ್ರಾಗ್ ನಗರದ ಉತ್ತರಕ್ಕಿರುವ ಊರು ಅದು. ಆಗ ಆ ನಾಡು ಆಸ್ಟ್ರಿಯದ ಚಕ್ರವರ್ತಿಯ ಆಳಿಕೆಯಲ್ಲಿದ್ದಿತು. ತಂದೆಗೆ ಮಾಂಸದ ವ್ಯಾಪಾರ. ಜೊತೆಗೆ ಒಂದು ಹೋಟೆಲು. ಮಗನೂ ಮಾಂಸದಂಗಡಿಯ ಕಸುಬನ್ನು ಕಲಿತು ಪ್ರಮಾಣಪತ್ರ ಪಡೆದನೆಂದು ಬಹುಕಾಲ ಕಥೆಯೊಂದು ನಡೆದುಬಂದಿತ್ತು. ಆ ಪತ್ರ ನಿಜವಾದುದಲ್ಲವೆಂದು ಅನಂತರ ಸಂಶೋಧಕರು ತೋರಿಸಿಕೊಟ್ಟರು. ಹುಡುಗನು ಹಳ್ಳಿಯ ಉಪಾಧ್ಯಾಯರಿಂದ ಪಿಟೀಲು ಕಲಿತನು. ಅನಂತರ ಝ್ಲೊನಿತ್ಸೆ ಎಂಬ ಊರಿನಲ್ಲಿ ಲೀಮನ್ ಎಂಬ ಗುರುವಿನಿಂದ ಆರ್ಗನ್, ಪಿಯಾನೊ, ವಿಯೋಲಗಳ ಪಾಠವಾಯಿತು.

೧೮೫೭ರಲ್ಲಿ, ಹದಿನಾರರ ಹರೆಯದಲ್ಲಿ, ಅವನು ಪ್ರಾಗ್ ನಗರದ ಆರ್ಗನ್ ಶಾಲೆಯನ್ನು ಸೇರಿದನು. ಎರಡು ವರ್ಷಗಳ ತರುವಾಯ ತರಗತಿಯಲ್ಲಿ ಎರಡನೆಯವನಾಗಿ ತೇರ್ಗಡೆಯಾದನು. ಇಗರ್ಜಿಯೊಂದರಲ್ಲಿ ಆರ್ಗನ್ ವಾದಕನ ಹುದ್ದೆಗೆ ಅರ್ಜಿ ಹಾಕಿಕೊಂಡನು, ಅದು ದೊರೆಯಲಿಲ್ಲ. ಓದಿದ ವಿದ್ಯೆಗೆ ಉದ್ಯೋಗವಿಲ್ಲ, ಊರಿಗೆ ಹಿಂದಿರುಗಲು ಮನಸ್ಸಿಲ್ಲ. ಆಗ ಕೈಹಿಡಿದುದು ವಿಯೋಲ. ಕಾರೆಲ್ ಕೊಮ್ಝಾಕ್ ಎಂಬಾತನ ಸಣ್ಣ ತಂಡವೊಂದು ಹೋಟೆಲುಗಳಲ್ಲಿಯೂ ನೃತ್ಯಕೂಟಗಳಲ್ಲಿಯೂ ನುಡಿಸುತ್ತಿತ್ತು. ಯುವಕನು ಆ ತಂಡದಲ್ಲಿ ವಿಯೋಲ ವಾದಕನಾದನು. ಜನ ಕುಡಿಯುತ್ತ, ಹರಟುತ್ತ, ಕುಣಿಯುತ್ತಿರುವಾಗ ಅವರ ಹೆಜ್ಜೆಗೆ ತಾಳವನ್ನೊದಗಿಸುವ ಸಂಗೀತ ಅದು. ಅವನ ವೃತ್ತಿಜೀವನ ಆರಂಭವಾದುದು ಹೀಗೆ.

ರಂಗದ ಮುಂದಿನ ತಗ್ಗಿನಲ್ಲಿ

ಆ ಕಾಲದ ಪ್ರಾಗ್ ನಗರದಲ್ಲಿ ದೊಡ್ಡವರ ಭಾಷೆ ಜರ್ಮನ್. ಚೆಕ್ ಜನರಿಗೆ ತಮ್ಮ ನುಡಿಯಲ್ಲಿ ನಾಟಕವಾಡುವ, ಹಾಡುವ ಒಂದು ಸ್ವಂತ ರಂಗಮಂದಿರ ಬೇಕೆಂಬ ಹಂಬಲ ಬಲವಾಗಿದ್ದಿತು. ದೊಡ್ಡ ರಾಷ್ಟ್ರೀಯ ರಂಗಮಂದಿರಕ್ಕೆ ಹಣ ಕೂಡುವವರೆಗೆ ಕಾಯಲಾರದೆ, ನದಿಯ ದಡದಲ್ಲಿ ಚಿಕ್ಕದೊಂದನ್ನು ಕಟ್ಟಿದರು. ತಾತ್ಕಾಲಿಕ ರಂಗಮಂದಿರವೆಂದೇ ಅದಕ್ಕೆ ಹೆಸರು. ೧೮೬೨ನೆಯ ನವೆಂಬರ್ ೧೮ರಂದು ಅದರ ಬಾಗಿಲು ತೆರೆಯಿತು. ಕೊಮ್ಝಾಕನ ತಂಡವೇ ಅಲ್ಲಿಯ ವಾದ್ಯವೃಂದಕ್ಕೆ ತಿರುಳಾಯಿತು. ತಂಡದೊಡನೆ ಡ್ವೊರ್ಝಾಕನೂ ಹೋಟೆಲಿನಿಂದ ರಂಗಮಂದಿರಕ್ಕೆ ಬಂದನು. ಆಗ ಅವನಿಗೆ ಇಪ್ಪತ್ತೊಂದು ವರ್ಷ.

ಈ ಉದ್ಯೋಗದ ಸ್ವರೂಪವನ್ನು ಸ್ವಲ್ಪ ಕಲ್ಪಿಸಿಕೊಳ್ಳಬೇಕು. ವಾದಕರು ಕೂರುವುದು ರಂಗದ ಮುಂದಿನ ತಗ್ಗಿನಲ್ಲಿ. ಅಲ್ಲಿಂದ ರಂಗದ ಮೇಲೇನು ನಡೆಯುತ್ತಿದೆಯೆಂಬುದು ಸರಿಯಾಗಿ ಕಾಣುವುದಿಲ್ಲ. ಕಾಣಬೇಕಾದುದು ಎರಡೇ, ಎದುರಿನ ಸ್ವರಪತ್ರ ಮತ್ತು ವೃಂದನಾಯಕನ ಕೈಕೋಲು. ಗಾಯಕಿ ಉಸಿರೆಳೆದುಕೊಂಡು ಒಂದು ಸ್ವರವನ್ನು ಲಂಬಿಸಿದರೆ ಇವರೂ ಕಾಯಬೇಕು. ಆಕೆ ಓಡಿದರೆ ಇವರೂ ಓಡಬೇಕು. ಅದರಲ್ಲಿಯೂ ಅಂದಿನ ಇಟಾಲಿಯನ್ ಗೀತನಾಟಕಗಳಲ್ಲಿ ವಿಯೋಲಕ್ಕೆ ಬರೆದಿರುತ್ತಿದ್ದುದು ಬಹುಪಾಲು ಒಂದೇ ಬಗೆಯ ಮಟ್ಟುಗಳು. ಪುಟದ ಮೇಲೆ ಪುಟ ಅದೇ ಎರಡು ಮೂರು ಸ್ವರಗಳನ್ನು ತಾಳ ತಪ್ಪದೆ ಉಜ್ಜುತ್ತಿರಬೇಕು. ನಡುನಡುವೆ ಮೌನದ ಆವರ್ತಗಳನ್ನು ಮನಸ್ಸಿನಲ್ಲಿಯೇ ಎಣಿಸಿಕೊಂಡು, ಒಂದು ಕ್ಷಣವೂ ಹೆಚ್ಚುಕಡಿಮೆಯಾಗದಂತೆ ಮತ್ತೆ ಒಳಹೊಗಬೇಕು. ಚೆನ್ನಾಗಿ ನುಡಿಸಿದರೆ ಯಾರಿಗೂ ತಿಳಿಯದು. ತಪ್ಪಿದರೆ ಪಕ್ಕದವನಿಗೆಲ್ಲ ತಿಳಿಯುತ್ತದೆ. ನಮ್ಮ ಮನೆಗಳಲ್ಲಿ ಅಡಿಗೆಮನೆಯವರ ಪಾಡು ಹೀಗೆಯೇ ಅಲ್ಲವೆ?

ಸಂಬಳ ಸಾಲುತ್ತಿರಲಿಲ್ಲ. ಡ್ವೊರ್ಝಾಕನು ಮನೆಮನೆಗೆ ಹೋಗಿ ಪಿಯಾನೊ ಪಾಠ ಹೇಳಿ ಕೊರತೆಯನ್ನು ತುಂಬಿಕೊಳ್ಳುತ್ತಿದ್ದನು. ಬಾಡಿಗೆಯ ಭಾರ ತಡೆಯಲಾರದೆ ಕೆಲಕಾಲ ಇನ್ನೈವರೊಡನೆ ಒಂದೇ ಬಿಡಾರದಲ್ಲಿದ್ದನು. ಅವರಲ್ಲಿ ಅದೇ ವೃಂದದ ಪಿಟೀಲುವಾದಕ ಮೊರಿತ್ಸ್ ಆಂಗರ್ ಒಬ್ಬನು. ದುಡ್ಡು ಕೊಟ್ಟು ಕಚೇರಿಗೆ ಹೋಗುವ ಶಕ್ತಿ ಈ ಸಂಗೀತಗಾರನಿಗಿರಲಿಲ್ಲ. ಆದರೆ ರಂಗಮಂದಿರ ಅವನಿಗೆ ಸಂಬಳ ಕೊಟ್ಟು ಸಂಗೀತ ಕೇಳಿಸುತ್ತಿತ್ತು! ವೆರ್ದಿ, ರೊಸ್ಸೀನಿ, ದೊನಿಜೆತ್ತಿ ಮೊದಲಾದವರ ಕೃತಿಗಳು ಅವನ ಬೆರಳ ತುದಿಯಲ್ಲಿ ಹಾದುಹೋದವು. ಒಂದು ಕಡೆಯಿಂದ ಬಾಸ್ ವಾದ್ಯಗಳ ನಡೆ, ಇನ್ನೊಂದು ಕಡೆಯಿಂದ ಪಿಟೀಲುಗಳ ರಾಗ, ಹಿಂದಿನಿಂದ ಕೊಳಲು ಕಹಳೆಗಳು. ವಿಯೋಲದ ಆಸನದಲ್ಲಿ ಕೂತವನಿಗೆ ಇದೆಲ್ಲ ಒಳಗಿನಿಂದ ಕೇಳುತ್ತದೆ. ಯಾವ ವಾದ್ಯಕ್ಕೆ ಯಾವುದು ಒಪ್ಪುತ್ತದೆ, ಎಲ್ಲಿ ಧ್ವನಿ ಮುಚ್ಚಿಹೋಗುತ್ತದೆ ಎಂಬುದನ್ನು ಪುಸ್ತಕಕ್ಕಿಂತ ಚೆನ್ನಾಗಿ ಕಲಿಸುವ ಪಾಠಶಾಲೆ ಅದು.

ಪಾಠಶಾಲೆಗೆ ದೊಡ್ಡ ಗುರುಗಳೂ ಬಂದರು. ೧೮೬೩ನೆಯ ಫೆಬ್ರವರಿ ೮ರಂದು ರಿಚರ್ಡ್ ವ್ಯಾಗ್ನರ್ ಪ್ರಾಗ್ ನಗರದಲ್ಲಿ ತನ್ನ ಕೃತಿಗಳ ಕಚೇರಿಯನ್ನು ತಾನೇ ನಡೆಸಿದಾಗ ಡ್ವೊರ್ಝಾಕನೂ ಆ ವೃಂದದಲ್ಲಿದ್ದನು. ಆ ಮಹಾಪುರುಷನ ಮುಖವನ್ನು ಮತ್ತೊಮ್ಮೆ ನೋಡುವ ಆಸೆಯಿಂದ ಬೀದಿಯಲ್ಲಿ ಅವನ ಹಿಂದೆಯೇ ನಡೆದುಹೋಗುತ್ತಿದ್ದೆನೆಂದು ಮುಂದೆ ಅವನೇ ನೆನೆಸಿಕೊಂಡಿದ್ದಾನೆ. ೧೮೬೬ರಲ್ಲಿ ಚೆಕ್ ಸಂಗೀತದ ಪಿತಾಮಹನೆನಿಸಿದ ಬೆದ್ರಿಖ್ ಸ್ಮೆತನ ರಂಗಮಂದಿರದ ವೃಂದನಾಯಕನಾಗಿ ಬಂದನು. ಅದೇ ವರ್ಷ ಮೇ ೩೦ರಂದು ಅವನ ‘ಮಾರಾಟವಾದ ಮದುವಣಗಿತ್ತಿ’ ಎಂಬ ಗೀತನಾಟಕ ಅಲ್ಲಿಯೇ ಮೊದಲು ಪ್ರದರ್ಶಿತವಾಯಿತು. ಚೆಕ್ ಹಳ್ಳಿಗರ ಬಾಳು ಚೆಕ್ ಮಾತಿನಲ್ಲಿ, ಚೆಕ್ ಕುಣಿತದ ಲಯದಲ್ಲಿ ರಂಗಕ್ಕೇರಿತು. ತಗ್ಗಿನಲ್ಲಿ ಕೂತ ಹಳ್ಳಿಯ ಹುಡುಗನಿಗೆ ತನ್ನೂರಿನ ಸಂಗೀತವೂ ದೊಡ್ಡ ಸಂಗೀತವಾಗಬಹುದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಿರಲಿಲ್ಲ.

ಪೆಟ್ಟಿಗೆಯಲ್ಲಿ ಬಚ್ಚಿಟ್ಟ ಸಿಂಫನಿ

ಜೊತೆಯವರಲ್ಲಿ ಬಹುಮಂದಿಗೆ ತಿಳಿಯದ ಸಂಗತಿಯೊಂದಿತ್ತು. ಈ ವಿಯೋಲ ವಾದಕನು ಬಿಡುವಾದಾಗಲೆಲ್ಲ ಬರೆಯುತ್ತಿದ್ದನು. ೧೮೬೧ರಲ್ಲಿ ಅವನು ತನ್ನ ಮೊದಲನೆಯ ಕೃತಿಯೆಂದು ಅಂಕಿ ಕೊಟ್ಟದ್ದು ಐದು ತಂತಿವಾದ್ಯಗಳ ಒಂದು ರಚನೆಗೆ. ಐದರಲ್ಲಿ ಎರಡು ವಿಯೋಲಗಳೇ! ೧೮೬೫ ಒಂದೇ ವರ್ಷದಲ್ಲಿ ಎರಡು ಸಿಂಫನಿಗಳನ್ನೂ ಒಂದು ಚೆಲ್ಲೋ ಕೃತಿಯನ್ನೂ ಹದಿನೆಂಟು ಹಾಡುಗಳ ಮಾಲೆಯನ್ನೂ ಬರೆದನು. ಆ ಹಾಡುಗಳ ಹಿಂದೆ ಒಂದು ಪ್ರೇಮಕಥೆಯೂ ಇದೆ. ಅವನು ಪಿಯಾನೊ ಪಾಠ ಹೇಳುತ್ತಿದ್ದ ಮನೆಯಲ್ಲಿ ಇಬ್ಬರು ಅಕ್ಕತಂಗಿಯರಿದ್ದರು. ಅಕ್ಕ ಯೊಸೆಫೀನ ಅದೇ ರಂಗಮಂದಿರದ ನಟಿ. ವಾದಕನ ಮನಸ್ಸು ಆಕೆಗೆ ಸೋತಿತು. ಆಕೆಯ ಮನಸ್ಸು ಇತ್ತ ತಿರುಗಲಿಲ್ಲ. ವರ್ಷಗಳುರುಳಿದ ಮೇಲೆ, ೧೮೭೩ರಲ್ಲಿ, ಅವನು ತಂಗಿ ಆನ್ನಳ ಕೈಹಿಡಿದನು.

ಮೊದಲನೆಯ ಸಿಂಫನಿಯ ಗತಿ ಇನ್ನೂ ವಿಚಿತ್ರ. ಅದನ್ನು ಅವನು ಜರ್ಮನಿಯ ಒಂದು ಸ್ಪರ್ಧೆಗೆ ಕಳುಹಿಸಿದನು. ಬಹುಮಾನವೂ ಬರಲಿಲ್ಲ, ಹಸ್ತಪ್ರತಿಯೂ ಹಿಂದಿರುಗಲಿಲ್ಲ. ೧೮೮೨ರಲ್ಲಿ ಲೈಪ್‌ಸಿಗ್ ನಗರದ ಹಳೆಯ ಪುಸ್ತಕದಂಗಡಿಯಲ್ಲಿ ಅದನ್ನು ಕೊಂಡವನು ಅವನಿಗೇನೂ ಸಂಬಂಧಿಯಲ್ಲದ, ಆದರೆ ಅದೇ ಮನೆತನದ ಹೆಸರುಳ್ಳ ಒಬ್ಬ ವಿದ್ವಾಂಸನು. ಅದು ಹೊರಲೋಕಕ್ಕೆ ತಿಳಿದುದು ೧೯೨೩ರಲ್ಲಿ. ಮೊದಲ ಬಾರಿಗೆ ಸಭೆಯಲ್ಲಿ ಕೇಳಿಬಂದುದು ೧೯೩೬ರಲ್ಲಿ, ಬ್ರ್ನೊ ನಗರದಲ್ಲಿ. ರಚಿಸಿದವನು ಕಣ್ಮುಚ್ಚಿ ಆಗ ಮೂವತ್ತೆರಡು ವರ್ಷಗಳಾಗಿದ್ದವು. ದಿನವೂ ಇತರರ ಸಂಗೀತವನ್ನು ನುಡಿಸುತ್ತಿದ್ದವನು ತನ್ನ ಮೊದಲ ಸಿಂಫನಿಯನ್ನು ತನ್ನ ಕಿವಿಯಿಂದ ಒಮ್ಮೆಯೂ ಕೇಳಲಿಲ್ಲ.

ಸಂಬಳವನ್ನು ಬಿಟ್ಟ ದಿನ

೧೮೭೧ರ ಬೇಸಗೆಯಲ್ಲಿ ಡ್ವೊರ್ಝಾಕನು ವೃಂದದ ಕೆಲಸವನ್ನು ಬಿಟ್ಟನು. ಮೂವತ್ತು ತುಂಬುತ್ತಿದ್ದಿತು. ಅದುವರೆಗೆ ಅವನ ಒಂದು ಕೃತಿಯೂ ಸಾರ್ವಜನಿಕವಾಗಿ ಕೇಳಿಬಂದಿರಲಿಲ್ಲ. ಒಂದು ಹಾಡು ಮೊದಲು ಸಭೆಯೇರಿದುದು ಆ ವರ್ಷದ ಅಕ್ಟೋಬರಿನಲ್ಲಿ. ತಿಂಗಳು ತಿಂಗಳು ಕೈಗೆ ಬರುವ ಸಂಬಳ ಚಿಕ್ಕದಾದರೂ ಅದನ್ನು ಬಿಡುವುದು ಎಷ್ಟು ಕಷ್ಟವೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಬಿಟ್ಟವನ ಕೈಯಲ್ಲಿದ್ದುದು ಪಿಯಾನೊ ಪಾಠಗಳು, ಮತ್ತು ‘ರಾಜ ಮತ್ತು ಇದ್ದಿಲು ಸುಡುವವ’ ಎಂಬ ಗೀತನಾಟಕವೊಂದರ ಹಸ್ತಪ್ರತಿ.

ಆ ಗೀತನಾಟಕವನ್ನು ಅವನು ಕೊಂಡೊಯ್ದುದು ತಾನು ದುಡಿದ ರಂಗಮಂದಿರಕ್ಕೇ. ಅದನ್ನು ನುಡಿಸಬೇಕಾದವರು ನಿನ್ನೆಮೊನ್ನೆಯವರೆಗೆ ಜೊತೆಗೆ ಕೂತಿದ್ದವರು. ೧೮೭೩ರಲ್ಲಿ ಅಭ್ಯಾಸವೂ ಆರಂಭವಾಯಿತು. ಆದರೆ ಕೃತಿ ಬಹಳ ಕ್ಲಿಷ್ಟವೆಂದು ಅಭ್ಯಾಸ ನಿಂತುಹೋಯಿತು. ಹಸ್ತಪ್ರತಿ ಹಿಂದಕ್ಕೆ ಬಂದಿತು. ತನ್ನ ಮನೆಯ ಬಾಗಿಲಲ್ಲಿಯೇ ಆದ ಸೋಲು ಇದು. ಇನ್ನೊಬ್ಬನಾಗಿದ್ದರೆ ವಾದಕರನ್ನು ದೂರಿ ಸುಮ್ಮನಾಗುತ್ತಿದ್ದನೇನೋ! ಇವನು ಅದೇ ಕಥೆಯನ್ನಿಟ್ಟುಕೊಂಡು, ಹಳೆಯ ಸಂಗೀತದ ಒಂದು ಸಾಲನ್ನೂ ಉಳಿಸಿಕೊಳ್ಳದೆ, ಆರಂಭದಿಂದ ಮತ್ತೆ ಹೊಸದಾಗಿ ಬರೆದನು. ೧೮೭೪ನೆಯ ನವೆಂಬರ್ ೨೪ರಂದು ಅದೇ ರಂಗಮಂದಿರದಲ್ಲಿ ಅದು ಪ್ರದರ್ಶಿತವಾಗಿ ಜನರ ಮೆಚ್ಚುಗೆ ಪಡೆಯಿತು. ಒಂಬತ್ತು ವರ್ಷ ಇತರರ ಬರವಣಿಗೆಯನ್ನು ನುಡಿಸಿದ ಕೈಗೆ, ನುಡಿಸುವವನ ಕಷ್ಟವೇನೆಂಬುದು ಹೊಸದಾಗಿ ಕಲಿಯಬೇಕಾದ ವಿದ್ಯೆಯಾಗಿರಲಿಲ್ಲ.

ಭಾಗ್ಯವೂ ಮೆಲ್ಲಮೆಲ್ಲನೆ ಇತ್ತ ಕಣ್ಣು ತೆರೆಯಿತು. ೧೮೭೪ರಲ್ಲಿ ಸಂತ ವೊಯ್ತೇಖನ ಇಗರ್ಜಿಯಲ್ಲಿ ಆರ್ಗನ್ ವಾದಕನ ಹುದ್ದೆ ದೊರೆಯಿತು. ಬಡ ಕಲಾವಿದರಿಗಾಗಿ ಆಸ್ಟ್ರಿಯದ ಸರಕಾರ ಕೊಡುತ್ತಿದ್ದ ಸಹಾಯಧನ, ೪೦೦ ಗುಲ್ಡನ್, ೧೮೭೫ರಲ್ಲಿ ಮಂಜೂರಾಯಿತು. ಈ ಸಹಾಯಧನದ ಅರ್ಜಿಗಳ ಮೂಲಕವೇ ಅವನ ಕೃತಿಗಳು ಬ್ರಾಮ್ಸ್ ಎಂಬ ಮಹಾ ಸಂಗೀತಕಾರನ ಕಣ್ಣಿಗೆ ಬಿದ್ದವು. ೧೮೭೭ರಲ್ಲಿ ಬ್ರಾಮ್ಸ್ ತನ್ನ ಪ್ರಕಾಶಕನಿಗೆ ಪತ್ರ ಬರೆದು ಇವನನ್ನು ಶಿಫಾರಸು ಮಾಡಿದನು. ಮರುವರ್ಷ ಪ್ರಕಟವಾದ ‘ಸ್ಲಾವ್ ನೃತ್ಯಗಳು’ ಅವನ ಹೆಸರನ್ನು ಯೂರೋಪಿನ ಮನೆಮನೆಗೂ ಮುಟ್ಟಿಸಿದವು.

ಮರೆಯದ ಒಡನಾಡಿ

ಕೀರ್ತಿ ಬಂದ ಮೇಲೆ ಹಳೆಯ ಉದ್ಯೋಗದ ಉಪಕರಣವನ್ನು ಅಟ್ಟಕ್ಕೇರಿಸುವವರು ಉಂಟು. ಡ್ವೊರ್ಝಾಕನು ಹಾಗೆ ಮಾಡಲಿಲ್ಲ. ಅವನ ಹಳೆಯ ವೃಂದನಾಯಕ ಸ್ಮೆತನ ೧೮೭೪ರಲ್ಲಿ ಪೂರ್ಣ ಕಿವುಡನಾದನು. ಆ ದುರಂತದ ತರುವಾಯ, ೧೮೭೬ರಲ್ಲಿ, ಅವನು ‘ನನ್ನ ಬಾಳಿನಿಂದ’ ಎಂಬ ಹೆಸರಿನ ನಾಲ್ಕು ತಂತಿವಾದ್ಯಗಳ ಕೃತಿಯನ್ನು ಬರೆದನು. ಅದರ ಆರಂಭದಲ್ಲಿ, ಉಳಿದ ಮೂರು ವಾದ್ಯಗಳನ್ನು ಹಿಂದಕ್ಕೆ ನಿಲ್ಲಿಸಿ, ತನ್ನ ಬಾಳಿನ ಕಥೆಯನ್ನು ಹೇಳಲು ಸ್ಮೆತನ ಆರಿಸಿಕೊಂಡುದು ವಿಯೋಲವನ್ನು. ೧೮೭೮ರಲ್ಲಿ ಪ್ರಾಗ್ ನಗರದಲ್ಲಿ ಆಪ್ತರೆದುರು ಈ ಕೃತಿಯನ್ನು ಮೊದಲು ನುಡಿಸಿದಾಗ ಆ ವಿಯೋಲವನ್ನು ಕೈಗೆತ್ತಿಕೊಂಡವನು ಡ್ವೊರ್ಝಾಕ್. ಒಂದು ಕಾಲಕ್ಕೆ ಆ ನಾಯಕನ ಕೈಕೋಲನ್ನು ನೋಡಿ ನುಡಿಸುತ್ತಿದ್ದವನು ಅಂದು ಅವನ ಮೌನಕ್ಕೆ ಧ್ವನಿಯಾದನು.

೧೮೮೭ರ ಜನವರಿಯಲ್ಲಿ ಇನ್ನೊಂದು ಪ್ರಸಂಗ. ಡ್ವೊರ್ಝಾಕನಿದ್ದ ಮನೆಯಲ್ಲಿಯೇ ರಸಾಯನಶಾಸ್ತ್ರದ ವಿದ್ಯಾರ್ಥಿಯೊಬ್ಬನು ಬಾಡಿಗೆಗಿದ್ದು, ರಂಗಮಂದಿರದ ಪಿಟೀಲುವಾದಕನೊಬ್ಬನಿಂದ ಪಾಠ ಹೇಳಿಸಿಕೊಳ್ಳುತ್ತಿದ್ದನು. ಗುರುಶಿಷ್ಯರು ಜೊತೆಯಾಗಿ ನುಡಿಸುವುದನ್ನು ಕೇಳಿ ಲೋಕಪ್ರಸಿದ್ಧನಾದ ನೆರೆಯವನಿಗೆ ಸುಮ್ಮನಿರಲಾಗಲಿಲ್ಲ. ಎರಡು ಪಿಟೀಲು, ಒಂದು ವಿಯೋಲಕ್ಕೆಂದು ಕೃತಿಯೊಂದನ್ನು ಬರೆದನು. ವಿಯೋಲ ತನ್ನ ಪಾಲಿಗೆ! ಪಾಪ, ವಿದ್ಯಾರ್ಥಿಗೆ ಅದು ಕಷ್ಟವಾಯಿತು. ಬೇಸರಗೊಳ್ಳದೆ ಡ್ವೊರ್ಝಾಕ್ ಅವನಿಗಾಗಿ ಸುಲಭವಾದ ಇನ್ನೊಂದನ್ನು ಬರೆದುಕೊಟ್ಟನು.

೧೮೯೨ರಲ್ಲಿ ನ್ಯೂಯಾರ್ಕಿನ ರಾಷ್ಟ್ರೀಯ ಸಂಗೀತ ವಿದ್ಯಾಲಯ ಅವನನ್ನು ವರ್ಷಕ್ಕೆ ೧೫,೦೦೦ ಡಾಲರುಗಳ ಸಂಬಳದ ಮೇಲೆ ನಿರ್ದೇಶಕನಾಗಿ ಕರೆಸಿಕೊಂಡಿತು. ‘ಹೊಸ ಜಗತ್ತಿನಿಂದ’ ಎಂಬ ಸುಪ್ರಸಿದ್ಧ ಸಿಂಫನಿ ಅಲ್ಲಿ ಹುಟ್ಟಿ, ೧೮೯೩ನೆಯ ಡಿಸೆಂಬರ್ ೧೬ರಂದು ಕಾರ್ನೆಗಿ ಸಭಾಂಗಣದಲ್ಲಿ ಮೊದಲು ಮೊಳಗಿತು. ಅದೇ ವರ್ಷದ ಬೇಸಗೆಯಲ್ಲಿ, ಅಯೋವಾ ಸಂಸ್ಥಾನದ ಸ್ಪಿಲ್‌ವಿಲ್ ಎಂಬ ಚೆಕ್ ವಲಸಿಗರ ಹಳ್ಳಿಯಲ್ಲಿ ತಂಗಿದ್ದಾಗ, ಕೇವಲ ಹದಿನಾರು ದಿನಗಳಲ್ಲಿ ಅವನು ನಾಲ್ಕು ತಂತಿವಾದ್ಯಗಳ ಕೃತಿಯೊಂದನ್ನು ಮುಗಿಸಿದನು. ‘ಅಮೆರಿಕನ್’ ಎಂಬ ಅಡ್ಡಹೆಸರಿನ ಆ ಕೃತಿಯ ಧ್ವನಿಮುದ್ರಣ ವಾಚಕರಿಗೆ ದೊರೆತರೆ ಮೊದಲ ಕ್ಷಣಗಳನ್ನು ಕಿವಿಗೊಟ್ಟು ಕೇಳಬೇಕು. ಪಿಟೀಲುಗಳು ಎಲೆಗಳ ಮರ್ಮರದಂತೆ ಮಿಡಿಯುತ್ತವೆ. ಚೆಲ್ಲೋ ಒಂದೇ ಸ್ವರವನ್ನು ನೆಲದಂತೆ ಹಾಸಿ ನಿಲ್ಲುತ್ತದೆ. ಆಗ ನಡುವಿನಿಂದ ಒಂದು ಧ್ವನಿ ಎದ್ದು ಮನಸಾರೆ ಹಾಡತೊಡಗುತ್ತದೆ. ಅದು ವಿಯೋಲ. ಅದೇ ಹಳ್ಳಿಯಲ್ಲಿ ಅನಂತರ ಬರೆದ, ಐದು ತಂತಿವಾದ್ಯಗಳ ಇನ್ನೊಂದು ಕೃತಿಯೂ ಮೊದಲಾಗುವುದು ವಿಯೋಲ ಒಂದರಿಂದಲೇ.

ತಾಯ್ನಾಡಿಗೆ ಹಿಂದಿರುಗಿದ ಮೇಲೆ, ೧೮೯೬ನೆಯ ಜನವರಿ ೪ರಂದು, ಚೆಕ್ ಫಿಲ್‌ಹಾರ್ಮೊನಿಕ್ ಎಂಬ ಹೆಸರಿನ ವೃಂದ ತನ್ನ ಮೊದಲ ಕಚೇರಿಯನ್ನು ನಡೆಸಿತು. ಅದರ ವಾದಕರು ರಾಷ್ಟ್ರೀಯ ರಂಗಮಂದಿರದ ವೃಂದದವರು. ಎದುರಿಗೆ ನಿಂತು ನಡೆಸಿದವನು ಡ್ವೊರ್ಝಾಕ್. ರಂಗಮಂದಿರದ ತಗ್ಗಿನಲ್ಲಿ ಕೂತವರ ಬಾಳು ಬಲ್ಲವನೇ ಅಂದು ಅವರ ಮುಂದೆ ನಿಂತಿದ್ದನು.

ಅವನು ತೀರಿಕೊಂಡುದು ೧೯೦೪ನೆಯ ಮೇ ೧ರಂದು. ಅವನ ವಿಯೋಲವನ್ನು ಪ್ರಾಗ್ ನಗರದಲ್ಲಿರುವ ಅವನ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿದ್ದಾರೆ. ಅವನೊಡನೆ ಆ ರಂಗಮಂದಿರದ ತಗ್ಗಿನಲ್ಲಿ ಕೂತು ದುಡಿದು, ಬಿಟ್ಟುಹೋಗದೆ ಅಲ್ಲಿಯೇ ಮುಪ್ಪಾದವರೂ ಇದ್ದರು. ಅವರು ಸಿಂಫನಿಗಳನ್ನು ಬರೆಯಲಿಲ್ಲ. ಬರೆದವರ ಸಿಂಫನಿಗಳು ಕೇಳುವಂತೆ ಮಾಡಿದರು. ಡ್ವೊರ್ಝಾಕನನ್ನು ಸ್ಪಿಲ್‌ವಿಲ್ ಹಳ್ಳಿಗೆ ಕರೆದೊಯ್ದ ಕಾರ್ಯದರ್ಶಿ ಯೋಸೆಫ್ ಯಾನ್ ಕೊವಾರ್ಝಿಕ್ ಕೂಡ ಮುಂದೆ ಬಹುಕಾಲ ನ್ಯೂಯಾರ್ಕಿನ ಫಿಲ್‌ಹಾರ್ಮೊನಿಕ್ ವೃಂದದಲ್ಲಿ ದುಡಿದನು. ಅವನು ನುಡಿಸಿದ ವಾದ್ಯ ಯಾವುದೆಂದು ಬೇರೆ ಹೇಳಬೇಕೆ? ವಿಯೋಲವೇ.